ಚಿಪ್ಪುಹಂದಿ ಮುಚ್ಚಿಕೊಂಡ ಬಾಗಿಲು

ಕಳೆದ ತಿಂಗಳು ಮಗಳ ಹಟಕ್ಕೆ ಬಳ್ಳಾರಿಯ ಒಂದು ಬ್ಯೂಟಿ ಪಾರ್ಲರಿಗೆ ಹೋಗಿದ್ದೆ. ಗೆಳತಿಯ ಮದುವೆಗೆ ಇವಳ ಕೂದಲು ನೆಟ್ಟಗಾಗಬೇಕಂತೆ. ಹುಟ್ಟುತ್ತ ತಂದ ಚೆಂದದ ಗುಂಗುರು ಕೂದಲನ್ನು ಇಸ್ತ್ರಿ ಮಾಡಿಸಿಕೊಳ್ಳುವ ಈ ಹುಚ್ಚು ನನ್ನ ತಲೆಗೆ ಹೋಗುವುದಿಲ್ಲ. ಆದರೆ ಈಗಿನ ಮಕ್ಕಳ ಮುಂದೆ ಬಾಯಿ ತೆರೆದರೆ ನಾವೇ ಹಳೇ ಕಾಲದವರಾಗುತ್ತೇವೆ, ಹಾಗಾಗಿ ಮೂಲೆಯ ಸೋಫಾದಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅಲ್ಲಿಯ ಹುಡುಗಿ ಕಾದ ಇಕ್ಕಳದಂಥ ಯಂತ್ರದ ನಡುವೆ ಒಂದು ಹಿಡಿ ಕೂದಲು ಸಿಕ್ಕಿಸಿ ಕೆಳಕ್ಕೆ ಎಳೆದಳು ನೋಡಿ, ಸುಯ್ ಎಂದು ಸ್ವಲ್ಪ ಹೊಗೆ ಎದ್ದಿತು. ಸುಟ್ಟ ಕೂದಲಿನ ವಾಸನೆ. ಅಷ್ಟೇ. ನಾನು ಸೋಫಾದಿಂದ ಎದ್ದು ನಿಂತುಬಿಟ್ಟೆ. "ಮಮ್ಮಿ, ಏನಾಯ್ತು?" ಎಂದು ಮಗಳು ಕನ್ನಡಿಯಲ್ಲೇ ಕೇಳಿದಳು. ಏನೂ ಇಲ್ಲ ಅಂದು ಹೊರಗೆ ಬಂದೆ. ರಸ್ತೆಯ ತುಂಬ ಆಟೋ, ಧೂಳು, ಮಿರ್ಚಿ ಕರಿಯುವ ಎಣ್ಣೆಯ ಘಾಟು. ಆದರೆ ಯಾವುದೂ ಆ ವಾಸನೆಯನ್ನು ಮೂಗಿನಿಂದ ಇಳಿಸಲಿಲ್ಲ. ಕುರುಗೋಡಿನಲ್ಲಿ, ಜೇಜಿಯ ಮನೆಯ ಬಾಣಂತಿ ಕೋಣೆಯಲ್ಲಿ, ಅಗ್ಗಿಷ್ಟಿಕೆಯ ಕೆಂಡದ ಮೇಲೆ ಕೊನೆಯ ಚಿಪ್ಪಿನ ಚೂರು ಸುಟ್ಟಾಗ ಎದ್ದ ವಾಸನೆ ಇದೇ ಆಗಿತ್ತು.

ಜೇಜಿ ಅಂದರೆ ನನ್ನ ಅವ್ವನ ಅವ್ವ. ಆಂಧ್ರದ ಗಡಿ ಪಕ್ಕದಲ್ಲೇ, ಹೀಗಾಗಿ ಅಜ್ಜಿಯನ್ನು ಕರೆಯುವ ಮಾತು ಕೂಡ ತೆಲುಗಿನಿಂದ ಬಂದು ನಮ್ಮ ಅಡುಗೆಮನೆಯಲ್ಲೇ ಉಳಿದುಬಿಟ್ಟಿತ್ತು. ಮೇಷ್ಟ್ರಾಗಿದ್ದ ಅಪ್ಪನಿಗೆ ಇವತ್ತು ರೂಪನಗುಡಿ, ನಾಳೆ ಇನ್ನೊಂದೂರು ಎಂದು ವರ್ಗವಾಗುತ್ತಲೇ ಇದ್ದುದರಿಂದ ನನ್ನನ್ನು ಜೇಜಿಯ ಹತ್ತಿರ ಬಿಟ್ಟು ಅಲ್ಲಿಯ ಸಾಲೆಗೆ ಹಾಕಿದ್ದರು. ಗುಡ್ಡಕ್ಕೆ ಬೆನ್ನು ಕೊಟ್ಟು ಕೂತ ಮನೆ. ಕಲ್ಲಿನ ಗೋಡೆ, ಬೇವಿನ ತೊಲೆ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಊರೆಲ್ಲ ಕಾದ ಹೆಂಚಾದರೂ ಪಡಸಾಲೆಯ ಬಂಡೆಯ ಮೇಲೆ ಕೆನ್ನೆಯಿಟ್ಟು ಮಲಗಿದರೆ ಜೀವ ತಣ್ಣಗಾಗುತ್ತಿತ್ತು. ಆ ಮನೆಗಿದ್ದ ಒಂದೇ ಪೀಡೆ ಗೆದ್ದಲು. ದಿನಾ ಬೆಳಿಗ್ಗೆ ಜೇಜಿ ಪೊರಕೆಯ ಹಿಡಿಯಿಂದ ಗೋಡೆಯ ಮೇಲಿನ ಗೆದ್ದಲಿನ ದಾರಿಗಳನ್ನು ಕೆರೆಯುತ್ತ, "ಹಾಳಾದವು, ತಿನ್ನಾಕ ನಿಮಗ ನನ್ನ ಮನಿನೇ ಬೇಕಾತೇನು? ಹಿಂದ ಅಷ್ಟು ದೊಡ್ಡ ಗುಡ್ಡ ಐತಿ" ಎಂದು ಅವುಗಳ ಜೊತೆ ಜಗಳವಾಡುತ್ತಿದ್ದಳು. ಹಿತ್ತಲಿನ ಕೊನೆಯಲ್ಲಿ ಗುಡ್ಡದಿಂದ ಉರುಳಿ ಬಂದು ಅಲ್ಲೇ ನಿಂತಂಥ ಒಂದು ದೊಡ್ಡ ಗುಂಡುಕಲ್ಲು ಇತ್ತು, ಅದರ ಪಕ್ಕದಲ್ಲಿ ನನ್ನೆತ್ತರದ ಹುತ್ತ. ಗುಂಡಿನ ನೆರಳಿನಲ್ಲಿ ನಾನು ಕುಂಟೆಬಿಲ್ಲೆ ಆಡುತ್ತಿದ್ದೆ.

ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬಿ ಇದ್ದೀತು: ಬಜೆ, ಜಾಯಿಕಾಯಿ, ಅಳಲೆಕಾಯಿ, ಮಾಚಿಕಾಯಿ, ಕೂಸುಗಳಿಗೆ ತೇಯ್ದು ನೆಕ್ಕಿಸುವ ಎಲ್ಲ ಕಹಿಗಳೂ ತುಂಬಿದ ತಗಡಿನ ಡಬ್ಬಿ. ಜೇಜಿಯ ಡಬ್ಬಿಯಲ್ಲಿ ಇವುಗಳ ಜೊತೆಗೆ, ಕೆಂಪು ಬಟ್ಟೆಯ ಗಂಟಿನೊಳಗೆ, ಅಲುಗಿನ ಚಿಪ್ಪು ಇತ್ತು. ಪುಸ್ತಕದಲ್ಲಿ ಚಿಪ್ಪುಹಂದಿ ಎಂದು ಇರುವ ಪ್ರಾಣಿಯನ್ನು ಜೇಜಿ ಅಲುಗು ಎನ್ನುತ್ತಿದ್ದಳು, ಅದೂ ತೆಲುಗಿನದೇ. ಕೂಸು ಬೆಚ್ಚಿಬಿದ್ದರೆ, ಕೈಕಾಲು ಸೆಟೆದು ಕಣ್ಣು ಮೇಲಕ್ಕೆ ಹಾಕಿದರೆ, ಚಾಕುವಿನಿಂದ ಚಿಪ್ಪನ್ನು ಒಂದು ಚಿಟಿಕೆ ಕೆರೆದು ಕೆಂಡಕ್ಕೆ ಹಾಕಿ, ಕೂಸನ್ನು ಆ ಹೊಗೆಯ ಮೇಲೆ ಆಡಿಸಬೇಕು. ಅವ್ವನನ್ನು ಆಡಿಸಿದ್ದರು, ಜೇಜಿಯ ಮಗನಾದ ಮಾವನನ್ನು ಆಡಿಸಿದ್ದರು, ನನ್ನನ್ನೂ ಆಡಿಸಿದ್ದರಂತೆ. ನಾವೆಲ್ಲ ಉಳಿದೆವು, ಹೆಸರು ಚಿಪ್ಪಿಗೆ ಬಂತು. ಉಳಿಯದೆ ಹೋದ ಕೂಸುಗಳೂ ಆ ಮನೆಯಲ್ಲಿ ಇದ್ದವು. ಅವುಗಳ ಲೆಕ್ಕ ಮಾತ್ರ ಯಾರೂ ಚಿಪ್ಪಿನ ಮುಂದೆ ಇಡಲಿಲ್ಲ. ಜೇಜಿಯ ಜೇಜಿಯ ಕಾಲದಿಂದ ಕೆರೆದು ಕೆರೆದು, ನಾನು ನೋಡುವ ಹೊತ್ತಿಗೆ ಅದು ಹೆಬ್ಬೆರಳಿನ ಉಗುರಿನಷ್ಟೇ ಉಳಿದಿತ್ತು.

ಮಾವನ ಹೆಂಡತಿ ಗಂಗತ್ತಿ ತೆಕ್ಕಲಕೋಟೆಯವಳು. ತಾಯಿ ಇಲ್ಲದ ಹುಡುಗಿ, ಹೀಗಾಗಿ ಅವಳ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಮಾಡಿದವಳು ಜೇಜಿ, ಅದೂ ಹೆತ್ತ ಮಗಳಿಗೆ ಮಾಡಿದ್ದಕ್ಕಿಂತ ಒಂದು ಕೈ ಹೆಚ್ಚಾಗಿಯೇ. ಹುಟ್ಟಿದ್ದು ಹೆಣ್ಣು ಕೂಸು, ಗೌರಿ. ಮಾವ ವೀರೇಶಿ ಭಾರೀ ಮೀಸೆಯ, ಭಾರೀ ದನಿಯ ಮನುಷ್ಯ. ಮಗಳು ಹುಟ್ಟಿದ ಮೇಲೆ ಟ್ರ್ಯಾಕ್ಟರನ್ನು ಓಣಿಯ ತುದಿಯಲ್ಲೇ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬೆಕ್ಕಿನ ಹೆಜ್ಜೆಯಲ್ಲಿ ಮನೆಗೆ ಬರುತ್ತಿದ್ದ. ಊರವರು ನಕ್ಕರೆ, "ನಗ್ರಿ ನಗ್ರಿ, ನನ್ನ ಮಗಳು ಮಲಗ್ಯಾಳ" ಎಂದು ಪಿಸುಗುಟ್ಟುತ್ತಿದ್ದ. ಬಾಣಂತಿ ಕೋಣೆಗೆ ಜೇಜಿಯ ಕಾನೂನು ಇತ್ತು. ಆ ಬಾಗಿಲು ಒಳಗಿನಿಂದ ತೆರೆಯಬೇಕೇ ಹೊರತು ಹೊರಗಿನಿಂದ ಯಾರೂ ತಳ್ಳಬಾರದು. ಯಾರೇ ಬರಲಿ, ಕಾಲು ತೊಳೆದು ಹೊಸ್ತಿಲ ಆಚೆ ನಿಂತು ಕರೆಯಬೇಕು, ಬಾಣಂತಿಯೇ ಎದ್ದು ಅಗುಳಿ ತೆಗೆಯಬೇಕು. ಒಮ್ಮೆ ಮಾವ ಅವಸರದಲ್ಲಿ ಬಾಗಿಲಿಗೆ ಕೈ ಹಚ್ಚಿದಾಗ ಜೇಜಿ ಅಡುಗೆಮನೆಯಿಂದಲೇ ಕೂಗಿದಳು: "ಲೇ ವೀರೇಶಿ! ಬಾಣಂತಿ ಬಾಗಲಾ ಹೊರಗಿನಿಂದ ತಗದ್ರ ಆ ಮನಿ ಉದ್ಧಾರ ಆಗಲ್ಲ!" ಅಷ್ಟು ದೊಡ್ಡ ಮನುಷ್ಯ ಕಳ್ಳನಂತೆ ಕೈ ಹಿಂದಕ್ಕೆ ತೆಗೆದುಕೊಂಡ.

ನಾನು ಗಂಗತ್ತಿಗೆ ಜೊತೆಯೆಂದು ಆ ಕೋಣೆಯಲ್ಲೇ ಮಲಗುತ್ತಿದ್ದೆ. ಬೆಳ್ಳುಳ್ಳಿ ಸಿಪ್ಪೆ, ಅಜವಾನ, ಲೋಬಾನದ ಹೊಗೆ, ಎಣ್ಣೆ ಸ್ನಾನದ ಮೈವಾಸನೆ, ಹಾಲಿನ ವಾಸನೆ. ಆ ಬೆಚ್ಚಗಿನ ಕತ್ತಲೆಯಂಥ ಜಾಗ ನನಗೆ ಮತ್ತೆ ಎಲ್ಲೂ ಸಿಗಲಿಲ್ಲ. ಹಿತ್ತಲ ಕಡೆಯ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ ಇತ್ತು. ಮಳೆ ಒಂದೆರಡು ಬಿದ್ದು ಹೋದ ಮೇಲಿನ ಒಂದು ನಸುಕಿನಲ್ಲಿ ಗಂಗತ್ತಿ ನನ್ನನ್ನು ಅಲುಗಾಡಿಸಿದಳು. "ಸುಮಿ, ಏಳಲೇ. ಬಾಯಿ ಮುಚ್ಕೊಂಡು ಇಲ್ಲಿ ನೋಡು." ಕಿಂಡಿಗೆ ಕಣ್ಣಿಟ್ಟೆ. ಹುತ್ತದ ಕಡೆಯಿಂದ ಒಂದು ಪ್ರಾಣಿ ಗುಂಡಿನತ್ತ ನಡೆದು ಬರುತ್ತಿತ್ತು. ಮೂತಿಯಿಂದ ಬಾಲದ ತುದಿಯ ತನಕ ಮೈ ತುಂಬ ಹೆಂಚು ಹೊದಿಸಿದ ಹಾಗೆ ಚಿಪ್ಪು. ಮುಂಗಾಲಿನ ಉಗುರು ಎಷ್ಟು ಉದ್ದವೆಂದರೆ ಅವನ್ನು ಒಳಗೆ ಮಡಚಿಕೊಂಡು, ಮುಷ್ಟಿ ಊರಿ ನಡೆಯಬೇಕು ಪಾಪ. ಮೂಗು ನೆಲಕ್ಕೆ, ಬೆನ್ನು ಗೂನು, ಬಾಲ ನೆಲದಿಂದ ಸ್ವಲ್ಪ ಮೇಲೆ. ಏನೋ ಕಳೆದುಕೊಂಡು ಹುಡುಕುವ ಮುದುಕಿಯ ನಡಿಗೆ. ಆ ಬಾಲದ ಬುಡದ ಮೇಲೆ ಅಡ್ಡಡ್ಡ ಮಲಗಿ, ಅವಚಿ ಹಿಡಿದುಕೊಂಡಿತ್ತು ಒಂದು ಮರಿ. ಅದರ ಚಿಪ್ಪು ಇನ್ನೂ ತೆಳ್ಳಗೆ, ಬಿಳಿಚಿಕೊಂಡಿತ್ತು. ಗಂಗತ್ತಿ ನನ್ನ ಭುಜ ಹಿಡಿದಿದ್ದಳು.

ಗುಂಡಿನ ಬುಡದಲ್ಲಿ ಒಂದು ತೂತು ಇತ್ತು. ತಾಯಿ ಮರಿಯನ್ನು ಹೊತ್ತುಕೊಂಡೇ ಅದರೊಳಗೆ ಇಳಿಯಿತು. ಮುಗಿಯಿತು ಅಂದುಕೊಂಡು ನಾನು ಹಿಂದೆ ಸರಿಯುವಷ್ಟರಲ್ಲಿ ಗಂಗತ್ತಿ, "ತಡಿ" ಎಂದಳು. ಒಳಗಿನಿಂದ ಮಣ್ಣು ಬರತೊಡಗಿತು. ಮೊದಲು ಸ್ವಲ್ಪ, ಆಮೇಲೆ ಇನ್ನಷ್ಟು. ನೋಡುತ್ತಿದ್ದಂತೆ ತೂತಿನ ಬಾಯಿ ತುಂಬಿಹೋಯಿತು, ಅಲ್ಲಿ ಬಿಲವೇ ಇರಲಿಲ್ಲವೇನೋ ಎನ್ನುವಂತೆ ನೆಲ ಸುಮ್ಮನೆ ಮಲಗಿತು. ಗಂಗತ್ತಿಯ ಮುಖದಲ್ಲಿ ಎಂಥ ನಗು! "ನೋಡಿದೇನು? ಬಾಗಲಾ ಹಾಕ್ಕೊಂತು. ದಿನಾ ಹಿಂಗ. ತೂತು ತೆರದಿದ್ರ ಮನ್ಯಾಗಿಲ್ಲ, ತಿನ್ನಾಕ ಹೋಗೇತಿ ಅಂತ. ಮುಚ್ಚಿದ್ರ ಒಳಗೈತಿ ಅಂತ. ಅದೂ ಬಾಣಂತಿನೇ ಅಲ್ಲೇನು ಸುಮಿ, ನನ್ನಂಗ." ಯಾರಿಗೂ ಹೇಳಬಾರದೆಂದು ಗೌರಿಯ ತಲೆ ಮುಟ್ಟಿಸಿ ಆಣೆ ಮಾಡಿಸಿಕೊಂಡಳು. ಓಣಿಯ ಗಂಡಸರಿಗೆ ತಿಳಿದರೆ ಸಂಜೆಯೊಳಗೆ ಅದು ಒಲೆಯ ಮೇಲಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವತ್ತಿನಿಂದ ನಸುಕಿನ ಆ ಹೊತ್ತು ನಮ್ಮಿಬ್ಬರದಾಯಿತು. ಅವಳು ಗೌರಿಗೆ ಹಾಲೂಡಿಸುತ್ತ ಕಿಂಡಿಯ ಒಂದು ಮಗ್ಗುಲಿಗೆ, ನಾನು ಇನ್ನೊಂದು ಮಗ್ಗುಲಿಗೆ. ಅದು ಹುತ್ತಕ್ಕೆ ಮೂತಿ ಹಾಕಿ, ಗೇಣುದ್ದದ ನಾಲಿಗೆಯನ್ನು ಒಳಗೆ ಬಿಟ್ಟು ಗೆದ್ದಲು ಎಳೆದುಕೊಳ್ಳುವುದನ್ನು ನೋಡಿದೆವು. ಒಂದು ನಾಯಿ ಬೊಗಳಿದ ದಿನ ಮರಿಯನ್ನು ಹೊಟ್ಟೆಗೆ ಅಮುಕಿಕೊಂಡು, ಅದರ ಮೇಲೆ ತಾನು ಉಂಡೆಯಾಗಿ ಸುತ್ತಿಕೊಂಡದ್ದನ್ನೂ ನೋಡಿದೆವು. ನಾಯಿ ಮೂಸಿ ಮೂಸಿ ಬೇಸತ್ತು ಹೋಯಿತು. ಇಷ್ಟು ವರ್ಷ ಸಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟಿದ್ದೇನೆ. ಆ ಪ್ರಾಣಿಗೆ ಒಂದೂ ಹಲ್ಲಿಲ್ಲ, ನುಂಗಿದ ಹರಳುಕಲ್ಲೇ ಹೊಟ್ಟೆಯಲ್ಲಿ ಗೆದ್ದಲನ್ನು ಅರೆಯುತ್ತದೆ, ಹೆರುವುದು ಸಾಮಾನ್ಯವಾಗಿ ಒಂದೇ ಮರಿ, ಮೊಲೆ ಎರಡು, ಅದೂ ನಮ್ಮ ಹಾಗೆ ಎದೆಯ ಮೇಲೆ, ಎಂದು ಪುಸ್ತಕದಲ್ಲಿ ಓದಿದಾಗೆಲ್ಲ ನನಗೆ ಆ ಕಿಂಡಿಯೇ ಕಣ್ಣಿಗೆ ಬರುತ್ತಿತ್ತು.

ಆಮೇಲೆ ಗೌರಿಗೆ ಶುರುವಾಯಿತು. ಮೊದಲು ಒಂದು ಕೈ ನಡುಗುವುದು, ಆಮೇಲೆ ಇಡೀ ಮೈ ಕಟ್ಟಿಗೆಯಂತೆ ಸೆಟೆದು, ತುಟಿ ನೀಲಿಯಾಗಿ, ಕಣ್ಣು ಮೇಲಕ್ಕೆ. ಹಾಲು ಕುಡಿಯುತ್ತ ಕುಡಿಯುತ್ತಲೇ ಬರುತ್ತಿತ್ತು. ಮಾವ ಬಳ್ಳಾರಿಯ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಒಳ್ಳೆಯವರು, ಮುಚ್ಚಿಡದೆ ಹೇಳಿದರಂತೆ: ತಲೆಯೊಳಗೆ ಹುಟ್ಟಿನಿಂದಲೇ ತೊಂದರೆ ಇದೆ, ಔಷಧ ಬಿಡದೆ ಕೊಡಿ, ಆದರೆ ಬಹಳ ಆಸೆ ಇಟ್ಟುಕೊಳ್ಳಬೇಡಿ. ಆಸೆ ಇಟ್ಟುಕೊಳ್ಳಬೇಡಿ ಎಂದರೆ ಬಿಡುವ ವಸ್ತುವೇ ಅದು? ಔಷಧ ಕೊಡುತ್ತಲೇ ಜೇಜಿ ಡಬ್ಬಿ ತೆಗೆದಳು. ಚಿಪ್ಪು ಕೆರೆಯುವಷ್ಟೂ ಉಳಿದಿರಲಿಲ್ಲ. ಆ ಕೊನೆಯ ಚೂರನ್ನು ಹಾಗೇ ಕೆಂಡದ ಮೇಲೆ ಇಟ್ಟಳು. ಅದು ಸುರುಟಿತು, ಚಟಪಟಿಸಿತು, ಆ ವಾಸನೆ ಎದ್ದಿತು. ಗೌರಿಯನ್ನು ಹೊಗೆಯ ಮೇಲೆ ಹಿಡಿದು ಜೇಜಿ ತೆಲುಗಿನಲ್ಲಿ ಏನೇನೋ ದೇವರನ್ನೆಲ್ಲ ಕರೆದಳು. ಗ್ರಹಚಾರ ನೋಡಿ, ಆ ಸಂಜೆಯಿಂದ ಮರುದಿನ ಸಂಜೆಯ ತನಕ ಕೂಸಿಗೆ ಒಂದು ಸಲವೂ ಬರಲಿಲ್ಲ. ಹೊಟ್ಟೆ ತುಂಬ ಕುಡಿದು ನಿದ್ದೆ ಮಾಡಿತು, ನಿದ್ದೆಯಲ್ಲೇ ನಕ್ಕಿತು. ಮಾವ ಅಂಗಳದಲ್ಲಿ ನಿಂತು ಗಂಡಸೆಂಬುದನ್ನೂ ಮರೆತು ಅತ್ತ. ಔಷಧ ಹಿಡಿದಿರಬಹುದು, ಅಥವಾ ಆ ರೋಗದ ರೀತಿಯೇ ಹಾಗಿರಬಹುದು. ಆದರೆ ಆ ಮನೆಯಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. ಚಿಪ್ಪು ಹಿಡಿದಿತ್ತು, ಮತ್ತು ಚಿಪ್ಪು ಮುಗಿದಿತ್ತು.

ಮತ್ತೆ ಶುರುವಾದಾಗ ಮೊದಲಿಗಿಂತ ಜೋರಾಗಿಯೇ ಬಂತು. ಮಾವ ಒಂದು ಚಿಪ್ಪಿಗಾಗಿ ಕುರುಗೋಡಿನ ಮನೆಮನೆಯ ಡಬ್ಬಿಗಳನ್ನು ಕೇಳಿದ, ಕುಡತಿನಿಗೆ ಹೋದ, ಸಿರುಗುಪ್ಪಕ್ಕೆ ಹೋಗಿ ಅಲ್ಲಿ ನೆಲೆಸಿದ್ದ ಗಂಗತ್ತಿಯ ಅಣ್ಣನನ್ನು ಕೇಳಿದ. ಎಲ್ಲರ ಹತ್ತಿರವೂ ಇತ್ತಂತೆ, ಯಾವಾಗಲೋ, ಯಾರದೋ ಕಾಲದಲ್ಲಿ. ಕೊನೆಗೆ ಅವನಿಗೆ ಹಿತ್ತಲು ನೆನಪಾಯಿತು. ಹುತ್ತ ಬಗೆದದ್ದನ್ನು ನೋಡಿ ಜೇಜಿ ಯಾವಾಗಲೋ, "ಅಲುಗು ಬಂದು ಹೋಗೇತಿ" ಅಂದಿದ್ದಳು, ಒಂದು ಸಂಜೆ ತೂತನ್ನು ಅವನೇ ನೋಡಿದ್ದ. ಮಧ್ಯಾಹ್ನದ ಬಿಸಿಲಿನಲ್ಲಿ ಹಾರೆ, ಸಲಿಕೆ ತೆಗೆದುಕೊಂಡು ಗುಂಡಿನ ಹತ್ತಿರ ಬಂದ. ಜೇಜಿ ಅವನ ಹಿಂದೆ. ಗಂಗತ್ತಿ ಗೌರಿಯನ್ನು ಹೆಗಲಿಗೆ ಹಾಕಿಕೊಂಡು ಹಿತ್ತಲ ಬಾಗಿಲಲ್ಲಿ ನಿಂತಳು, ಪಕ್ಕದಲ್ಲಿ ನಾನು. ಮಾವ ಸುತ್ತಲೂ ನೋಡಿದ, ಕಾಲಿನಿಂದ ನೆಲ ಕೆದರಿದ. "ಇಲ್ಲೇ ತೂತು ಇತ್ತಲ್ಲಬೇ. ಮಣ್ಣು ಕುಸಿದು ಮುಚ್ಚೇತಿ. ಬಿಟ್ಟು ಹೋಗೇತೇನೋ." ಜೇಜಿ ತಿರುಗಿ, "ಗಂಗವ್ವ, ನೀನು ಕಿಂಡ್ಯಾಗ ನೋಡ್ತಿರ್ತಿ. ಒಳಗೈತೋ ಹೋತೋ?" ಎಂದು ಕೇಳಿದಳು. ಹಾರೆ ಹಿಡಿದ ಮಾವನ ಮುಖವನ್ನು ನಾನು ಮರೆತಿಲ್ಲ. ಹೂಂ ಅನ್ನು ತಾಯಿ, ಒಂದು ಸಲ ಹೂಂ ಅನ್ನು ಎಂದು ಬೇಡುವ ಮುಖ ಅದು.

ಗಂಗತ್ತಿ ಆ ನೆಲವನ್ನು ನೋಡಿದಳು. ಅವಳ ಕೈ ನನ್ನ ಕೈಯನ್ನು ಹುಡುಕಿ ಹಿಡಿದು ಎಲುಬು ನೋಯುವ ಹಾಗೆ ಅಮುಕಿತು. ಅವಳಿಗೆ ಚಿಪ್ಪಿನಲ್ಲಿ ನಂಬಿಕೆ ಇರಲಿಲ್ಲ, ಅದಕ್ಕೇ ಹಾಗೆ ಮಾಡಿದಳು ಅಂದುಕೊಳ್ಳಬೇಡಿ. ಒಂದು ಚಿಪ್ಪು ಸಿಕ್ಕರೆ ಗೌರಿ ಉಳಿಯುತ್ತಾಳೆ ಎಂದು ಜೇಜಿಗಿಂತ, ಮಾವನಿಗಿಂತ ಹೆಚ್ಚು ನಂಬಿದ್ದವಳು ಅವಳೇ. ಮುಚ್ಚಿದ ಬಾಗಿಲ ಹಿಂದೆ ಮರಿಯನ್ನು ಅವಚಿಕೊಂಡು ಅದು ಮಲಗಿದೆ ಎಂದೂ ಅವಳಿಗೆ ಗೊತ್ತಿತ್ತು. ಗೌರಿಯನ್ನು ಹೆಗಲ ಮೇಲೆ ಸರಿಪಡಿಸಿಕೊಂಡು ಹೇಳಿದಳು. "ಹೋಗೇತ್ರಿ. ಮೊನ್ನೇನೇ ಗುಡ್ಡ ಹತ್ತಿ ಹೋಗಿದ್ದು ನೋಡಿದೆ." ಮಾವ ಹಾರೆಯನ್ನು ಬಂಡೆಗೆ ಬೀಸಿ ಒಗೆದ, ಕಿಡಿ ಹಾರಿತು. ಅಲ್ಲಿಂದಲೇ ಗುಡ್ಡ ಹತ್ತಿದವನು ಕತ್ತಲಾಗುವ ತನಕ ಕಂಡಕಂಡ ಪೊಟರೆಗೆಲ್ಲ ಕೈ ಹಾಕಿ, ಬೆರಳೆಲ್ಲ ತರಚಿಕೊಂಡು ಬರಿಗೈಯಲ್ಲಿ ಇಳಿದು ಬಂದ.

ಕೋಣೆಯ ಅಗುಳಿ ಹಾಕಿಕೊಂಡ ಮೇಲೆ ಗಂಗತ್ತಿ ನನ್ನನ್ನು ಕೇಳಿದಳು, ದೊಡ್ಡವರನ್ನು ಕೇಳಿದಂತೆ ಕೇಳಿದಳು: "ಬಾಣಂತಿ ಬಾಗಲಾ ಒಡಿಸಿ ತಂದಿದ್ದು ನನ್ನ ಕೂಸಿಗೆ ಹತ್ತತೈತೇನು ಸುಮಿ? ಇಲ್ಲಲ್ಲ? ಹೇಳ, ಇಲ್ಲಲ್ಲ?" ನಾನಿನ್ನೂ ಮೂರನೇ ಕ್ಲಾಸಿನ ಹುಡುಗಿ. ಆಮೇಲೆ ಅವಳು ಕಿಂಡಿಗೆ ಬಾಯಿಟ್ಟು ಹೊರಗಿನ ಕತ್ತಲೆಗೆ ಬೇಡಿಕೊಳ್ಳತೊಡಗಿದಳು. "ಯವ್ವಾ, ನಿನ್ನ ಮೈತುಂಬ ಅದಾವು. ಒಂದು ಉದುರಿಸಿ ಹೋಗ. ನಿನ್ನ ಕಾಲಿಗೆ ಬೀಳ್ತೀನಿ, ಒಂದ ಒಂದು." ನಸುಕಾದ ಕೂಡಲೆ, ಅದು ತಿರುಗಿ ಬಂದು ಬಾಗಿಲು ಹಾಕಿಕೊಳ್ಳುವ ಮೊದಲು, ನಾವಿಬ್ಬರೂ ಹಿತ್ತಲಿಗೆ ಇಳಿದೆವು. ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಅರಳೆ ಇಟ್ಟುಕೊಂಡ ಹಸಿ ಬಾಣಂತಿ ಚಳಿಯಲ್ಲಿ ಮಂಡಿಯೂರಿ, ಹಿಟ್ಟಿನ ಜರಡಿಯಲ್ಲಿ ಬಿಲದ ಬಾಯಿಯ ಮಣ್ಣನ್ನು ಜರಡಿ ಹಿಡಿಯುತ್ತಿದ್ದಳು. ನಾನು ಬೊಗಸೆ ಬೊಗಸೆ ತುಂಬಿ ಕೊಡುತ್ತಿದ್ದೆ. ಕಲ್ಲಿನ ಹರಳು ಬಂತು, ಗೆದ್ದಲಿನ ರೆಕ್ಕೆ ಬಂತು, ಒಡೆದ ಬಳೆಚೂರು ಬಂತು. ಪ್ರತಿ ಸಲ ಜರಡಿಯಲ್ಲಿ ಏನಾದರೂ ಟಣ್ ಎಂದರೆ ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ ಉಜ್ಜಿ ನೋಡುತ್ತಿದ್ದಳು. ಆ ಚಿಪ್ಪು ಹಾವಿನ ಪೊರೆಯಂತೆ ಕಳಚಿ ಬೀಳುವಂಥದಲ್ಲ ಎಂದು ನನಗಾಗಲಿ ಅವಳಿಗಾಗಲಿ ಗೊತ್ತಿರಲಿಲ್ಲ. ಮರುದಿನವೂ ಜರಡಿ ಹಿಡಿದೆವು. ಅದರ ಮರುದಿನ ನಸುಕಿನಲ್ಲಿ ಮಾವ ಯಾರದೋ ಜೀಪು ತಂದು ಗೌರಿಯನ್ನೂ ಗಂಗತ್ತಿಯನ್ನೂ ಬಳ್ಳಾರಿಗೆ ಕರೆದುಕೊಂಡು ಹೋದ. ಬಿಸಿಲು ಏರುವ ಹೊತ್ತಿಗೆ ಜೀಪು ತಿರುಗಿ ಬಂತು. ಅವತ್ತು ಓಣಿಯ ತುದಿಯಲ್ಲಿ ನಿಲ್ಲಿಸದೆ ಸೀದಾ ಮನೆಯ ಬಾಗಿಲಿಗೇ ತಂದು ನಿಲ್ಲಿಸಿದ. ಜೀಪಿನ ಸದ್ದು ಕೇಳಿಯೇ ಜೇಜಿ ಎದೆ ಬಡಿದುಕೊಂಡಳು.

ಗೌರಿಯನ್ನು ಮಣ್ಣು ಮಾಡಿ ಬಂದ ಮೇಲಿನ ಒಂದು ಸಂಜೆ. ಮನೆಯಲ್ಲಿ ಕೂರಲಾರದೆ ಎಲ್ಲರೂ ಹಿತ್ತಲಲ್ಲಿ ಕೂತಿದ್ದೆವು. ಇನ್ನೂ ಬೆಳಕಿತ್ತು. ಗುಂಡಿನ ಬುಡದಲ್ಲಿ ಮಣ್ಣು ಅಲುಗಾಡಿತು, ಕುಸಿಯಿತು, ಒಂದು ಮೂತಿ ಹೊರಗೆ ಬಂತು. ನಾನು ಮನಸ್ಸಿನಲ್ಲೇ ಹೋಗು ಹೋಗು, ಒಳಗೆ ಹೋಗು ಎಂದು ಕಿರುಚಿದೆ. ಅದು ಬಂದೇ ಬಂತು, ಬಾಲದ ಮೇಲೆ ಮರಿಯನ್ನು ಹೊತ್ತುಕೊಂಡು, ನಮ್ಮೆಲ್ಲರ ಎದುರು ಮುಷ್ಟಿ ಊರುತ್ತ ಹುತ್ತವನ್ನು ದಾಟಿ, ಬೇಲಿಯ ಸಂದಿನಲ್ಲಿ ಗುಡ್ಡದ ಕಡೆ ಹೋಯಿತು. ಮಾವ ಎದ್ದು ನಿಂತವನು ನಿಂತೇ ಇದ್ದ. ಆಮೇಲೆ ಹೆಂಡತಿಯ ಕಡೆ ತಿರುಗಿದ. ಅವನ ಭಾರೀ ದನಿ ಅವತ್ತು ಎಲ್ಲಿ ಹೋಗಿತ್ತೋ. "ಗಂಗಿ, ನಿನಗ ಗೊತ್ತಿತ್ತೇನು?" ಅವಳು ಈ ಸಲ ಸುಳ್ಳು ಹೇಳಲಿಲ್ಲ. "ಗೊತ್ತಿತ್ರಿ." ಅಷ್ಟೇ. ಬೈದಿದ್ದರೆ, ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ. ಜೇಜಿ ಸೆರಗನ್ನು ಬಾಯಿಗೆ ತುರುಕಿಕೊಂಡು, "ಒಂದ ಮಾತಲ್ಲೇನ ಯವ್ವಾ, ಒಂದ ಮಾತು" ಎಂದಳು. ಮರುದಿನ ಬೆಳಗಾಗುತ್ತಲೇ ಮಾವ ಹಾರೆ ತೆಗೆದುಕೊಂಡು ಅಗೆಯಲು ನಿಂತ. ಯಾವ ಕೂಸಿಗಾಗಿ, ಯಾವ ಹೊಗೆಗಾಗಿ? ಯಾರೂ ತಡೆಯಲಿಲ್ಲ. ಆಳೆತ್ತರ ಅಗೆದ, ಕೊನೆಗೆ ಹಾರೆ ಬಂಡೆಗೆ ಹೋಗಿ ಬಡಿಯಿತು. ಬಿಲ ಬರಿದಾಗಿತ್ತು. ಅದು ಹಾಗೇ, ಒಂದೇ ಬಿಲವನ್ನು ನಂಬಿಕೊಂಡು ಇರುವ ಜೀವವಲ್ಲ. ಹಿಂದಿನ ಸಂಜೆ ನಾವು ನೋಡಿದ್ದು ಅದು ಮನೆ ಬಿಟ್ಟು ಹೋದದ್ದನ್ನೇ. ಮಾವ ಆ ಗುಂಡಿಯೊಳಗೇ ಮೊಣಕಾಲಿಗೆ ತಲೆ ಕೊಟ್ಟು ಕೂತುಬಿಟ್ಟ, ಊಟಕ್ಕೆ ಕರೆದರೂ ಮೇಲೆ ಬರಲಿಲ್ಲ.

ಅದಾದ ಮೇಲೆ ಆ ಮನೆ ಮನೆಯಾಗಿ ಉಳಿಯಲಿಲ್ಲ. ಗಂಗತ್ತಿ ಬಡಿಸಿದ ತಾಟಿನ ಮುಂದೆ ಮಾವ ಕೂರುತ್ತಿದ್ದ, ಕೈ ಮಾತ್ರ ತಾಟಿಗೆ ಇಳಿಯುತ್ತಿರಲಿಲ್ಲ. ಜೇಜಿ ಅವಳ ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟಳು. ಹೋಗು ಎಂದು ಯಾರೂ ಅನ್ನಲಿಲ್ಲ, ಒಂದು ದಿನ ಅವಳೇ ಟ್ರಂಕು ತೆಗೆದುಕೊಂಡು ಅಣ್ಣನ ಜೊತೆ ಸಿರುಗುಪ್ಪಕ್ಕೆ ಹೋದಳು. ಬಾ ಎಂದೂ ಯಾರೂ ಅನ್ನಲಿಲ್ಲ. ಜೇಜಿ ತೀರಿಕೊಂಡಳು, ಆಮೇಲೆ ಕೆಲವು ವರ್ಷಕ್ಕೆ ಮಾವನೂ. ತೊಲೆಗಳನ್ನು ಗೆದ್ದಲು ತಿಂದು ಮಾಳಿಗೆ ಒಂದು ಮಳೆಗಾಲಕ್ಕೆ ಕೂತುಬಿಟ್ಟಿತು. ಗುಂಡನ್ನು ಯಾರೋ ಮದ್ದಿಟ್ಟು ಸಿಡಿಸಿ ಕಲ್ಲು ಮಾಡಿ ಸಾಗಿಸಿದರು. ಹೋದ ವರ್ಷ ಹೋಗಿ ನೋಡಿದೆ, ಆ ಜಾಗದಲ್ಲಿ ತಗಡಿನ ಗೋದಾಮು ನಿಂತಿದೆ. ಅಲುಗು ಕಂಡಿದ್ದೀರಾ ಎಂದು ಓಣಿಯ ಹುಡುಗರನ್ನು ಕೇಳಿದರೆ, "ಅಂದ್ರ ಏನ್ರಿ ಆಂಟಿ?" ಎಂದರು. ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಒಬ್ಬ ಹುಡುಗ ಇದು ನ್ಯೂಸಿನಲ್ಲಿ ಬಂದಿತ್ತು, ಚೀಲದೊಳಗೆ ಹಿಡಿದಿದ್ದರು ಎಂದ. ಚಿಪ್ಪಿಗಾಗಿ ಲೋಕವೇ ಅದನ್ನು ಬೇಟೆಯಾಡಿ ಮುಗಿಸುತ್ತಿದೆ. ಆ ಲೋಕದ ಅರ್ಧಕ್ಕರ್ಧ ಜನ ನನ್ನ ಮಾವನಂಥವರೇ ಇರಬೇಕು, ಯಾವುದೋ ಕೂಸನ್ನು ಕೈಯಲ್ಲಿ ಹಿಡಿದುಕೊಂಡವರು. ಸಿಟ್ಟು ಮಾಡೋಣವೆಂದರೆ ಅದಕ್ಕೂ ನನಗೆ ಆಗುವುದಿಲ್ಲ.

ಪಾರ್ಲರಿನ ಆ ವಾಸನೆ ನನ್ನನ್ನು ಸುಮ್ಮನೆ ಬಿಡಲಿಲ್ಲ. ಭಾನುವಾರ ಸಿರುಗುಪ್ಪದ ಬಸ್ಸು ಹತ್ತಿದೆ. ತೆಕ್ಕಲಕೋಟೆ ದಾಟಿ, ಕಾಲುವೆ ನೀರಿನ ಭತ್ತದ ಗದ್ದೆಗಳ ನಡುವೆ ಹೋಗುತ್ತ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಇಷ್ಟು ವರ್ಷ ಹೋಗಿಬಂದು ಮಾಡಿದ್ದರೂ ಆ ವಿಷಯ ನಾವಿಬ್ಬರೂ ಎತ್ತಿದ್ದಿಲ್ಲ. ಗಂಗತ್ತಿ ಈಗ ಅಣ್ಣನ ಮಗನ ಮನೆಯ ಹಿಂದಿನ ಒಂದು ಕೋಣೆಯಲ್ಲಿ ಇರುತ್ತಾಳೆ. ಕೂದಲೆಲ್ಲ ಬೆಳ್ಳಗಾಗಿದೆ, ಕೈ ಮಾತ್ರ ಅದೇ ಚುರುಕು. ನಾನು ಹೋದ ಕೂಡಲೆ ಮಂಡಕ್ಕಿ ಒಗ್ಗಾಣಿ ಮಾಡಿ, ಮೇಲೆ ಪುಟಾಣಿ ಪುಡಿ ಉದುರಿಸಿ ಮುಂದಿಟ್ಟು, "ಏನ ಸುಮಿ, ಸೊರಗೀಯಲ್ಲ, ಮಗಳು ಕೂಳು ಹಾಕ್ತಾಳೋ ಇಲ್ಲೋ?" ಎಂದು ನಕ್ಕಳು. ತಿಂದು ಕೈ ತೊಳೆದು ಅವಳ ಪಕ್ಕ ಕೂತೆ. "ಅತ್ತಿ, ಒಂದು ಮಾತು ಹೇಳಾಕ ಬಂದೀನಿ. ಆ ಅಲುಗಿನ ಚಿಪ್ಪಿನಾಗ ಏನೂ ಇಲ್ಲ. ಔಷಧಾನೂ ಇಲ್ಲ, ಮಣ್ಣೂ ಇಲ್ಲ. ಅದು ಬರೇ ಉಗುರು. ನಮ್ಮ ಉಗುರು, ನಮ್ಮ ಕೂದಲು ಯಾತರದಾಗ ಆಗೈತಿ, ಅದೂ ಅದರಾಗ ಆಗೈತಿ. ಸುಟ್ರ ವಾಸನಿ ಕೂಡ ಒಂದ. ನೀ ಹೂಂ ಅಂದಿದ್ರೂ ಗೌರಿ ಉಳೀತಿರಲಿಲ್ಲ ಅತ್ತಿ. ನೀ ಆ ಜೀವ ಉಳಿಸಿದಿ, ಅಷ್ಟ." ಹೇಳಿ ಮುಗಿಸಿದಾಗ ನನ್ನ ಎದೆ ಹಗುರಾಗಿತ್ತು. ಎಷ್ಟೋ ವರ್ಷದ ಕಲ್ಲನ್ನು ಅವಳ ಎದೆಯಿಂದಲೂ ಎತ್ತಿದೆ ಅಂದುಕೊಂಡೆ.

ಗಂಗತ್ತಿ "ಉಗುರ?" ಎಂದು ಕೇಳಿದಳು. "ಹೂಂ ಅತ್ತಿ, ಉಗುರು." ಅವಳು ಎರಡೂ ಕೈಗಳನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡು ನೋಡತೊಡಗಿದಳು. ಅರಿಶಿನ, ಮೆಣಸಿನಕಾಯಿಯ ಕರೆ ಹಿಡಿದು ಸವೆದ ಉಗುರುಗಳು. ಒಂದೊಂದನ್ನೂ ಇನ್ನೊಂದು ಕೈಯ ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಆ ಮುಖ ನನಗೆ ಗುರುತಿತ್ತು, ಬಿಲದ ಬಾಯಲ್ಲಿ ಜರಡಿ ಹಿಡಿದು ಕೂತವಳ ಮುಖ.

"ಹಂಗಾರ ನನ್ನವು ಇದ್ವಲ್ಲ, ಸುಮಿ. ಹತ್ತೂ ಇದ್ವು. ಕಿತ್ತು ಕೊಡ್ತಿದ್ನಲ್ಲ. ಯಾರೂ ಒಬ್ಬರೂ ಹೇಳಲಿಲ್ಲ ನೋಡು."

ಅಲ್ಲ ಅತ್ತಿ, ಹಾಗಲ್ಲ, ಅದನ್ನು ಸುಟ್ಟರೂ ಇದನ್ನು ಸುಟ್ಟರೂ ಏನೂ ಆಗುತ್ತಿರಲಿಲ್ಲ ಎಂದು ಹೇಳಿದೆ. ಬಿಡಿಸಿ ಬಿಡಿಸಿ ಹೇಳಿದೆ, ಸಾಲೆಯಲ್ಲಿ ದಡ್ಡ ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ, ಕೊನೆಗೆ ಅವಳ ಕೈ ಹಿಡಿದು ಅತ್ತೆ. ಅವಳು ತಲೆಯಾಡಿಸುತ್ತಲೇ ಇದ್ದಳು, ಒಂದು ಅಕ್ಷರವೂ ಒಳಗೆ ಇಳಿಯಲಿಲ್ಲ. ಬಸ್ಸಿನ ಹೊತ್ತಾಯಿತು, ಕತ್ತಲಾಗುವುದರೊಳಗೆ ಹೋಗಿ ಸೇರು ಎಂದು ಅವಳೇ ನನ್ನನ್ನು ಎಬ್ಬಿಸಿದಳು. ಮೆಟ್ಟಿಲಿಳಿದು ಓಣಿಗೆ ಕಾಲಿಡುವಾಗ ಹಿಂದಿನಿಂದ ಅಗುಳಿ ಬಿದ್ದ ಸದ್ದು ಕೇಳಿತು. ತಿರುಗಿ ಹೋಗಿ ಬಾಗಿಲು ತಳ್ಳಬೇಕೆಂದು ಎರಡು ಹೆಜ್ಜೆ ಇಟ್ಟವಳು ಹೊಸ್ತಿಲ ಆಚೆಯೇ ನಿಂತೆ. ಆ ಬಾಗಿಲನ್ನು ಹೊರಗಿನಿಂದ ತೆರೆಯಬಾರದು. ಒಳಗೆ ಅವಳು ಗೌರಿಯ ಜೊತೆ ಇದ್ದಳು.